ಚಳಿಗೆ ಪದ್ಮಿನಿ ಕಾರು ಸ್ಟಾರ್ಟ್ ಆಗ್ತಿಲ್ಲ, ಅನುಭವ ಇದ್ದೋರು ಹೇಳಿ

ಪ್ರಶ್ನೆ (ಮಡಿಕೇರಿ): 1984ರ ಪ್ರೀಮಿಯರ್ ಪದ್ಮಿನಿ, ಸೋಲೆಕ್ಸ್ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸೋ ಭಾಗ). ಬೆಳಿಗ್ಗೆ ಚೋಕ್ (ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಕೊಡೋ ನಾಬ್) ಎಳೆದು ಎಷ್ಟು ತಿರುಗಿಸಿದ್ರೂ ಹತ್ತಿಕೊಳ್ಳಲ್ಲ. ಬಿಸಿ ಆದ್ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್. ವಾರ ನಿಲ್ಲಿಸಿದ್ರೆ ಇನ್ನೂ ಕಷ್ಟ. ಬ್ಯಾಟರಿ ಹೊಸದು.

ಕುಶಾಲನಗರ 1100: ಆಕ್ಸಿಲರೇಟರ್ ಮುಟ್ಟಲೇಬೇಡಿ. ನಮ್ಮ ಸೋಲೆಕ್ಸ್‌ನಲ್ಲಿ ಬಾಯಿ ಮುಚ್ಚೋ ಚೋಕ್ ಇಲ್ಲ, ಪಕ್ಕದಲ್ಲಿ ಸ್ಟಾರ್ಟರ್ ಡಿಸ್ಕ್ ಇದೆ, ಚೋಕ್ ನಾಬ್ ತಿರುಗಿಸೋದು ಅದನ್ನೇ. ಅದು ಪೆಟ್ರೋಲ್ ಎಳೆಯೋದು ಥ್ರಾಟಲ್ (ಆಕ್ಸಿಲರೇಟರ್‌ಗೆ ತೆರೆಯೋ ಗಾಳಿ ಬಾಗಿಲು) ಕೆಳಗಿನ ವ್ಯಾಕ್ಯೂಮ್‌ನಿಂದ. ಪೆಡಲ್ ಒತ್ತಿದ್ರೆ ವ್ಯಾಕ್ಯೂಮ್ ಬಿದ್ದುಹೋಗುತ್ತೆ, ಬರೀ ಗಾಳಿ ಹೋಗುತ್ತೆ. ಒಬ್ಬರು ನಾಬ್ ಎಳೀಲಿ, ಇನ್ನೊಬ್ಬರು ಕಾರ್ಬುರೇಟರ್ ಹತ್ರ ನಿಂತು ಡಿಸ್ಕ್ ಲಿವರ್ ಕೊನೇವರೆಗೂ ಬರುತ್ತಾ ನೋಡಿ. ನಮ್ಮ ಗಾಡಿಯಲ್ಲಿ ಕೇಬಲ್ ಕ್ಲಾಂಪ್ ಜಾರಿ ಮುಕ್ಕಾಲು ಭಾಗ ಮಾತ್ರ ಬರ್ತಿತ್ತು. ಸ್ಟಾರ್ಟರ್ ಜೆಟ್ (ಆ ಡಿಸ್ಕ್‌ಗೆ ಪೆಟ್ರೋಲ್ ಬಿಡೋ ಸಣ್ಣ ತೂತಿನ ಸ್ಕ್ರೂ) ಬಿಚ್ಚಿ ಗಾಳಿ ಹೊಡೀರಿ, ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತೆ. ರಿಪೇರಿ ಕಿಟ್‌ಗೆ 850 ಕೊಟ್ಟೆ, ಡಿಸ್ಕ್ ಅದರಲ್ಲಿ ಬರಲೇ ಇಲ್ಲ.

ಮೈಸೂರು ಅಂಬಾಸಿಡರ್: ಎಲ್ಲದಕ್ಕೂ ಕಾರ್ಬುರೇಟರ್ ಬಿಚ್ಚೋದು ನಿಲ್ಲಿಸಿ. ಬ್ಯಾಟರಿ ಹೊಸದಾದ್ರೆ ಸಾಲಲ್ಲ. ಕ್ರ್ಯಾಂಕ್ ಮಾಡುವಾಗ (ಸೆಲ್ಫ್ ಹೊಡೆಯುವಾಗ) ಬ್ಯಾಟರಿಯಲ್ಲಿ 9.6 ವೋಲ್ಟ್‌ಗಿಂತ ಕೆಳಗೆ ಇಳೀಬಾರದು. ಮೀಟರ್‌ನ ಒಂದು ತುದಿ ಬ್ಯಾಟರಿ ನೆಗೆಟಿವ್ ಪೋಸ್ಟ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ. ಕ್ರ್ಯಾಂಕ್ ಮಾಡುವಾಗ 0.3 ವೋಲ್ಟ್ ದಾಟಿದ್ರೆ ಅರ್ತ್ ಪಟ್ಟಿ (ಬ್ಯಾಟರಿ ನೆಗೆಟಿವ್‌ನ ಬಾಡಿ, ಎಂಜಿನ್‌ಗೆ ಸೇರಿಸೋ ತಂತಿ) ಕೆಟ್ಟಿದೆ. ಆಮೇಲೆ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ (ಸ್ಪಾರ್ಕ್‌ಗೋಸ್ಕರ ಕರೆಂಟ್ ಕಡಿಯೋ ಸ್ವಿಚ್) ಗ್ಯಾಪ್ ಸುಮಾರು 0.4 ಮಿಮೀ, ಪ್ಲಗ್ ಗ್ಯಾಪ್ ಸುಮಾರು 0.6 ಮಿಮೀ. ಪಾಯಿಂಟ್‌ನಲ್ಲಿ ಗುಳಿ ಬಿದ್ದು ಕಪ್ಪಾಗಿದ್ರೆ ಅದರ ಜೊತೆಗಿರೋ ಕಂಡೆನ್ಸರ್ ಕಿತ್ತು ಹೊಸದು ಹಾಕಿ.

ಕುಶಾಲನಗರ 1100: ಅವರು ಬಿಸಿಯಲ್ಲಿ ಒಂದೇ ಸಲಕ್ಕೆ ಅಂತ ಬರೆದಿದ್ದಾರೆ, ಓದಿ ಸ್ವಾಮಿ. ಅರ್ತ್ ಕೆಟ್ಟಿದ್ರೆ ಬಿಸಿಯಲ್ಲೂ ಕೈ ಕೊಡಬೇಕಿತ್ತು.

ಮೈಸೂರು ಅಂಬಾಸಿಡರ್: ಕೊಡಬೇಕಿಲ್ಲ! ಚಳಿಯಲ್ಲಿ 20ಡಬ್ಲ್ಯು-50 ಆಯಿಲ್ ಗಟ್ಟಿ, ಸ್ಟಾರ್ಟರ್ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ, ಸ್ಪಾರ್ಕ್ ಕೊಡೋ ಕಾಯಿಲ್‌ಗೆ ವೋಲ್ಟೇಜ್ ಉಳಿಯಲ್ಲ. ಬಿಸಿ ಎಂಜಿನ್ ಸಲೀಸಾಗಿ ತಿರುಗುತ್ತೆ, ದೋಷ ಅಡಗಿಕೊಳ್ಳುತ್ತೆ. ಇದು ಗೊತ್ತಿಲ್ಲದೆ ಮಾತಾಡಬೇಡಿ.

ಹಾಸನ ಗ್ಯಾರೇಜು: ಇಬ್ಬರೂ "ವಾರ ನಿಲ್ಲಿಸಿದ್ರೆ" ಅನ್ನೋದನ್ನ ಬಿಟ್ಟಿದ್ದೀರಿ. ಫ್ಲೋಟ್ ಚೇಂಬರ್ (ಕಾರ್ಬುರೇಟರ್‌ನ ಪೆಟ್ರೋಲ್ ತೊಟ್ಟಿ) ಖಾಲಿ ಆಗಿರುತ್ತೆ. ಪಂಪ್ ವಾಲ್ವ್ ಸವೆದ್ರೆ ಪೈಪಲ್ಲಿರೋ ಪೆಟ್ರೋಲ್ ಟ್ಯಾಂಕಿಗೆ ವಾಪಸ್. ಟ್ಯಾಂಕಿಂದ ಪಂಪ್‌ವರೆಗಿನ ಹೋಸ್ ಬಿರುಕು ಬಿಟ್ರೆ ಹನಿ ಸೋರೋದು ಕಾಣಲ್ಲ, ಒಳಗೆ ಗಾಳಿ ಎಳೆಯುತ್ತೆ, ಅಷ್ಟೇ. ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಹಳೇ ರಬ್ಬರ್ ಉಬ್ಬಿ ಮೆತ್ತಗಾಗ್ತಿದೆ. ಎಥನಾಲ್ ತಾಳೋ ಹೋಸ್, ಪಂಪ್ ಡಯಾಫ್ರಾಮ್ (ಒಳಗಿನ ರಬ್ಬರ್ ಪೊರೆ) ಹಾಕಿಸಿ.

ಮೈಸೂರು ಅಂಬಾಸಿಡರ್: ಎಲ್ಲದಕ್ಕೂ ಇ20 ಬೈಯೋದು ಒಂದು ಚಾಳಿ. 2010ರಲ್ಲೂ ಹೋಸ್ ಒಡೀತಿತ್ತು.

ತುಮಕೂರು ಫಿಯಟ್: ಇಷ್ಟೆಲ್ಲ ಯಾಕೆ? ಏರ್ ಫಿಲ್ಟರ್ ತೆಗೆದು ಕಾರ್ಬುರೇಟರ್ ಬಾಯಿಗೆ ಒಂದು ಮುಚ್ಚಳ ಪೆಟ್ರೋಲ್ ಸುರಿದು ತಿರುಗಿಸಿ.

ಹಾಸನ ಗ್ಯಾರೇಜು: ದಯವಿಟ್ಟು ಇದನ್ನ ಯಾರಿಗೂ ಹೇಳಬೇಡಿ! ಬ್ಯಾಕ್‌ಫೈರ್ ಆದ್ರೆ ಜ್ವಾಲೆ ನೇರ ಬಾನೆಟ್ ಒಳಗೆ. ಪಂಪ್‌ನಲ್ಲಿ ಕೈ ಲಿವರ್ ಇದ್ರೆ ಅದನ್ನ ಒತ್ತುತ್ತಾ ಹೋಗಿ. ಚೇಂಬರ್ ತುಂಬಿದ ಮೇಲೆ ಲಿವರ್ ಸಡಿಲ ಆಗುತ್ತೆ. ಮೊದಲ ಸಲದಿಂದಲೇ ಸಡಿಲ ಇದ್ರೆ ಪಂಪ್ ನಡೆಸೋ ಕ್ಯಾಮ್ ಅಡ್ಡ ನಿಂತಿರಬಹುದು, ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಆಮೇಲೆ ನಾಬ್ ಪೂರ್ತಿ ಎಳೆದು, ಪೆಡಲ್ ಮುಟ್ಟದೆ ಸೆಲ್ಫ್ ಹೊಡೀರಿ. ಹತ್ತಿಕೊಂಡ್ರೆ ತೊಂದರೆ ಪಂಪ್, ಹೋಸ್ ಕಡೆ. ಹತ್ತದಿದ್ರೆ ಪ್ಲಗ್ ಬಿಚ್ಚಿ ನೋಡಿ: ಒಣಗಿದ್ರೆ ಸ್ಟಾರ್ಟರ್ ಜೆಟ್, ಒದ್ದೆಯಾಗಿದ್ರೆ ಸ್ಪಾರ್ಕ್.