ಅಪ್‌ಡೇಟ್: ಎರೆಮಣ್ಣಿನಲ್ಲಿ ಬುಲೆಟ್ ಕೊನೆಗೂ ಗಟ್ಟಿಯಾಗಿ ನಿಂತಿದೆ

ಗದಗಿನ ನಮ್ಮ ಮನೆಯಂಗಳದ ಎರೆಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹೂತುಕೊಂಡು ಬುಲೆಟ್ ಬೈಕು (ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350) ವಾಲುತ್ತದೆ, ಏನು ಮಾಡಲಿ ಎಂದು ಮಳೆಗಾಲದ ಆರಂಭದಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಸ್ಟ್ಯಾಂಡಿನ ಕೆಳಗೆ ಕಲ್ಲು ಇಡಿ ಎಂದವರ ಮಾತು ಫಲಿಸಿತು. ಒಂದು ತಿದ್ದುಪಡಿ ಮಾತ್ರ ಇದೆ. ನೆಲಹಾಸಿಗೆ ತಂದು ಉಳಿದಿದ್ದ ಶಹಾಬಾದ್ ಕಲ್ಲಿನ ತುಂಡನ್ನು ಮಣ್ಣಿನ ಮೇಲೆಯೇ ಇಟ್ಟರೆ ಅದರ ದಪ್ಪದಷ್ಟು ಸ್ಟ್ಯಾಂಡ್ ಮೇಲೇರುತ್ತದೆ. ಆಗ ಗಾಡಿ ಎಡಕ್ಕೆ ಸಾಕಷ್ಟು ಒರಗುವುದಿಲ್ಲ. ಓಣಿಯ ಎಮ್ಮೆ ಎಡಗಡೆಯಿಂದ ಮೈ ತಿಕ್ಕಿದರೆ ಬಲಕ್ಕೆ ಉರುಳುವ ಹಾಗಿರುತ್ತದೆ. ಅದಕ್ಕೇ ಮಣ್ಣು ಅಗೆದು ಕಲ್ಲನ್ನು ನೆಲಮಟ್ಟಕ್ಕೆ ಕೂರಿಸಿದೆ. ಸ್ಟ್ಯಾಂಡ್ ಇಳಿಸಿ, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ಲಾಕ್ ಮಾಡಿದರೆ 195 ಕೆಜಿ ಗಾಡಿ ಅಲುಗುವುದಿಲ್ಲ.

ಧಾರವಾಡದ ಅತ್ತೆಯ ಮನೆ ಇಳಿಜಾರಿನಲ್ಲಿದೆ. ಅಲ್ಲಿ ಮುಂದಿನ ಗಾಲಿಯನ್ನು ಏರಿನ ಕಡೆಗಿಟ್ಟು ಮೊದಲ ಗೇರಿನಲ್ಲಿ ನಿಲ್ಲಿಸುತ್ತೇನೆ. ಇಳಿಜಾರಿಗೆ ಮುಖ ಮಾಡಿದರೆ ಗಾಡಿ ಮುಂದಕ್ಕೆ ಜರುಗಿ ಸ್ಟ್ಯಾಂಡ್ ಹಿಂದಕ್ಕೆ ಮಡಚಿಕೊಳ್ಳಬಹುದು. ಮಾವನವರು ಮಾತ್ರ ಇದನ್ನು ಇನ್ನೂ ಒಪ್ಪಿಲ್ಲ.

ಕಲ್ಲಿನ ಬದಲು ಡಬ್ಬದ ತಗಡಿನ ಮುಚ್ಚಳವಂತೂ ಬೇಡವೇ ಬೇಡ. ನೆನೆದ ಎರೆಮಣ್ಣಿನಲ್ಲಿ ಅದು ಬಾಗಿ, ಸ್ಟ್ಯಾಂಡಿನ ಜೊತೆಗೇ ಒಳಗೆ ಹೋಗುತ್ತದೆ.