ಪಿಸ್ತೂಲು ಸೊಂಟಕ್ಕೆ ಕಟ್ಟುವ ಮುಂಚೆ ತಲೆಯಲ್ಲಿ ಏನು ತೀರ್ಮಾನ ಆಗಿರಬೇಕು?

ದಾರಿಹೋಕ:

ಲೈಸೆನ್ಸ್ ಆಯ್ತು, ತರಬೇತಿ ಆಯ್ತು, ರೇಂಜಿನಲ್ಲಿ 7 ಮೀಟರ್ ದೂರದಿಂದ ಹೊಡೆದ ಗುಂಡುಗಳು ಅಂಗೈಯಗಲದ ಜಾಗದಲ್ಲಿ ಬೀಳುತ್ತವೆ. ಪಿಸ್ತೂಲು ಸ್ಟ್ರೈಕರ್ ಮಾದರಿಯದು (ಹೊರಗೆ ಸುತ್ತಿಗೆ ಕಾಣಲ್ಲ, ಒಳಗಿನ ಮೊಳೆಯೇ ಗುಂಡಿಗೆ ಹೊಡೆಯುತ್ತೆ), ಹೊರಗೆ ಬೆರಳಲ್ಲಿ ಒತ್ತುವ ಸೇಫ್ಟಿ ಇಲ್ಲ. ಇನ್ನು ದಿನಾ ಕಟ್ಟಿಕೊಂಡು ಓಡಾಡುವುದೊಂದೇ ಬಾಕಿ. ಯಾವ ಗನ್ ಒಳ್ಳೆಯದು, ಯಾವ ಗುಂಡು ಒಳ್ಳೆಯದು ಅನ್ನುವ ಚರ್ಚೆ ಬೇಕಾದಷ್ಟು ಓದಿಯಾಗಿದೆ, ಅದು ಬೇಡ. ಕೇಳಬೇಕಿರುವುದು ಇಷ್ಟೇ: ಮನಸ್ಸಿನಲ್ಲಿ ಯಾವ ತೀರ್ಮಾನಗಳು ಮುಂಚೆಯೇ ಆಗಿರಬೇಕು? ಜನ ಸಾಮಾನ್ಯವಾಗಿ ಎಡವುವುದೆಲ್ಲಿ? ಮತ್ತೆ, ಚಾಕು ಹಿಡಿದವನು 21 ಅಡಿಯೊಳಗೆ ಬಂದರೆ ಗುಂಡು ಹಾರಿಸಬಹುದು ಅಂತ ಒಂದು "ರೂಲ್" ಹೇಳ್ತಾರಲ್ಲ, ಅದು ನಿಜವಾ?

ಗುರಿಕಾರ:

ಕೊನೆಯದನ್ನು ಮೊದಲು ಮುಗಿಸಿಬಿಡೋಣ, ಯಾಕಂದ್ರೆ ಅದನ್ನು ನಂಬಿದವನು ನೇರ ಜೈಲಿಗೆ ಹೋಗಬಹುದು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯುಲರ್ 1983ರಲ್ಲಿ ಒಂದು ಲೆಕ್ಕ ಬರೆದರು. ಗಟ್ಟಿಮುಟ್ಟಾದ ಆಳು 21 ಅಡಿ, ಅಂದರೆ ಸುಮಾರು 6.4 ಮೀಟರ್, ಓಡಿ ಬರುವುದಕ್ಕೆ ಹೆಚ್ಚುಕಡಿಮೆ ಒಂದೂವರೆ ಸೆಕೆಂಡು. ಪಳಗಿದವನು ಗನ್ ಎಳೆದು ಹೊಡೆಯುವುದಕ್ಕೂ ಅಷ್ಟೇ ಹೊತ್ತು. ಅಷ್ಟೇ ವಿಷಯ. ಅದು "ಎಚ್ಚರಿಕೆ, ನಿನಗೆ ಟೈಮ್ ಇಲ್ಲ, ಮೊದಲೇ ಅಡ್ಡ ಏನಾದರೂ ಹುಡುಕಿಕೋ" ಅನ್ನುವ ಮಾತು, ಹೊಡೆಯುವುದಕ್ಕೆ ಕೊಟ್ಟ ಪರವಾನಗಿ ಅಲ್ಲ. ಶರ್ಟಿನ ಕೆಳಗಿರುವ ಗನ್ ತೆಗೆಯುವುದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು ಅನ್ನುವುದನ್ನೂ ಸೇರಿಸಿಕೊಳ್ಳಿ.

ಅಡಿ ಅಳೆಯುವ ಬದಲು ಮೂರು ಸಂಗತಿ ನೋಡಬೇಕು. ಎದುರಿನವನಿಗೆ ಕೊಲ್ಲುವ ಸಾಮರ್ಥ್ಯ ಇದೆಯಾ, ಈ ಕ್ಷಣದಲ್ಲಿ ಅದಕ್ಕೆ ಅವಕಾಶ ಇದೆಯಾ, ಉದ್ದೇಶ ಅವನ ನಡೆಯಲ್ಲೇ ಕಾಣ್ತಿದೆಯಾ. ರಸ್ತೆಯ ಆಚೆ ನಿಂತು ಮಚ್ಚು ಬೀಸಿ ಕೂಗುವವನಿಗೆ ಸಾಮರ್ಥ್ಯ ಇದೆ, ಅವಕಾಶ ಇಲ್ಲ. ಮೊಬೈಲ್ ಕಿತ್ತುಕೊಂಡು ಓಡುವವನಿಗೆ ಈಗ ಉದ್ದೇಶವೇ ಬೇರೆ, ಅವನ ಬೆನ್ನಿಗೆ ಹೊಡೆದರೆ ಅದು ರಕ್ಷಣೆ ಅಲ್ಲ. ಮೂರೂ ಒಟ್ಟಿಗೆ ಕೂಡಿ, ತಪ್ಪಿಸಿಕೊಳ್ಳುವ ದಾರಿಯೂ ಇಲ್ಲದಿದ್ದಾಗ ಮಾತ್ರ ಗನ್ನಿನ ಮಾತು. ಕಾನೂನಿನ ಪದಗಳು ಊರಿಂದೂರಿಗೆ ಬದಲಾಗುತ್ತವೆ, ಓದಿಕೊಳ್ಳಿ. ಆದರೆ ಈ ಮೂರನ್ನು ದಾಟಿ ಹೊಡೆದವನನ್ನು ಉಳಿಸುವ ಕಾನೂನು ಸಿಗುವುದು ಕಷ್ಟ.

ಈಗ ತೀರ್ಮಾನಗಳು. ಒಂದು ಹಾಳೆಯಲ್ಲಿ ಬರೆದೇ ಇಡಿ: ಪರ್ಸು, ಫೋನು, ಗಾಡಿ ಕೇಳಿದರೆ ಕೊಡುತ್ತೇನೆ. ಬೈದರೆ ಸುಮ್ಮನಿರುತ್ತೇನೆ. ಗಾಡಿ ಅಡ್ಡ ಹಾಕಿದರೆ ಬಾಗಿಲು ಲಾಕ್ ಮಾಡಿ, ಜಾಗ ಇದ್ದರೆ ಹೊರಟುಹೋಗುತ್ತೇನೆ. ಯಾವುದಕ್ಕೆ ಗನ್ ಹೊರಗೆ ಬರುವುದಿಲ್ಲ ಅನ್ನುವ ಪಟ್ಟಿ ಉದ್ದ ಇರಬೇಕು, ಬರುತ್ತದೆ ಅನ್ನುವುದು ಎರಡೇ ಸಾಲು. ಎದೆ ಡವಡವ ಅನ್ನುವಾಗ ಹೊಸದಾಗಿ ಯೋಚನೆ ಮಾಡೋಕೆ ಆಗಲ್ಲ, ಮೊದಲೇ ಮಾಡಿಟ್ಟದ್ದಷ್ಟೇ ಕೈಗೆ ಸಿಗುತ್ತೆ.

ತಾಳಿದವನು ಬಾಳಿಯಾನು ಅನ್ನುವುದಕ್ಕೆ ಇಲ್ಲಿ ಲೆಕ್ಕಾಚಾರದ ಕಾರಣವೂ ಇದೆ. ನೀವು ಕೈಕೈ ಮಿಲಾಯಿಸಿದ ಯಾವ ಜಗಳದಲ್ಲೂ ಒಂದು ಗನ್ ಇದ್ದೇ ಇರುತ್ತೆ, ಅದು ನಿಮ್ಮದೇ. ಬರೀ ಗುದ್ದಾಟ ಅಂದುಕೊಂಡು ಇಳಿದಿರಿ, ಎದುರಿನವನ ಕೈ ನಿಮ್ಮ ಸೊಂಟಕ್ಕೆ ತಾಗಿತು ಅಂದ್ರೆ ಅಲ್ಲಿಂದ ಅದು ಸಾವಿನ ಆಟ. ಆಮೇಲೆ ಯಾರೇ ಕೇಳಿದರೂ ಮೊದಲ ಪ್ರಶ್ನೆ: ಶುರು ಮಾಡಿದ್ದು ಯಾರು? ಅಲ್ಲಿ ನೀವು ಒಂದು ಮಾತು ಏರಿಸಿದ್ದರೂ ಅದು ನಿಮ್ಮ ವಿರುದ್ಧ ನಿಲ್ಲುತ್ತೆ. ತಪ್ಪು ನಿಮ್ಮದಲ್ಲದಿದ್ದರೂ "ಸಾರಿ ಗುರು, ನಂದೇ ತಪ್ಪು" ಅಂತ ಕೈ ಎತ್ತಿ ಹೋಗಿಬಿಡಿ. ಶರ್ಟ್ ಸ್ವಲ್ಪ ಸರಿಸಿ "ಇದೆ ನೋಡು" ಅಂತ ತೋರಿಸುವ ಚಾಳಿ ಬೇಡವೇ ಬೇಡ, ಬಹಳ ಕಡೆ ಅದೇ ಒಂದು ಅಪರಾಧ.

ಬರಿಗೈಗೂ ಗನ್ನಿಗೂ ನಡುವೆ ಏನೂ ಇಲ್ಲದವನು ತಪ್ಪು ಕಡೆಗೆ ಜಾರುತ್ತಾನೆ. ಕಾನೂನು ಒಪ್ಪುವ ಕಡೆ ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಿ, ಗನ್ ಹಿಡಿಯದ ಕೈಯ ಜೇಬಿನಲ್ಲಿ. ಬೇರೆಯವರ ಜಗಳದಲ್ಲಿ ತಲೆ ಹಾಕುವುದು ಇನ್ನೂ ಕಷ್ಟ. ಒಬ್ಬ ಇನ್ನೊಬ್ಬನನ್ನು ನೆಲಕ್ಕೆ ಒತ್ತಿ ಹಿಡಿದಿದ್ದಾನೆ ಅನ್ನಿ. ಮೇಲಿರುವವನು ಮಫ್ತಿಯ ಪೊಲೀಸ್ ಇರಬಹುದು, ಕೆಳಗಿರುವವನು ಈಗಷ್ಟೇ ಚಾಕು ಹಾಕಿದವನಿರಬಹುದು. ಮೊದಲ ಹತ್ತು ಸೆಕೆಂಡು ನಿಮಗೆ ಸಿಕ್ಕಿಲ್ಲ. ಫೋನ್ ಮಾಡಿ, ದೂರದಿಂದ ನೋಡಿ.

ಕಬ್ಬಿಣದ ಕಡಲೆ:

ಗುರಿಕಾರ ಅವರು ತಲೆಯ ಭಾಗ ಹೇಳಿದ್ದಾರೆ, ನಾನು ಸೊಂಟದ ಭಾಗ ಹೇಳ್ತೀನಿ. ದಿನಾ ಕಟ್ಟುವವರು ಎಡವುವುದು ಕಳ್ಳನ ಎದುರಲ್ಲ, ಬಟ್ಟೆ ಬದಲಿಸುವಾಗ ಮತ್ತು ಟಾಯ್ಲೆಟ್ಟಿನಲ್ಲಿ.

ನಿಮ್ಮಂಥ ಪಿಸ್ತೂಲಿಗೆ ಸೇಫ್ಟಿ ಅಂದ್ರೆ ಹೋಲ್‌ಸ್ಟರೇ, ಅಂದರೆ ಸೊಂಟದಲ್ಲಿ ಗನ್ ಇಡುವ ಒರೆ. ಟ್ರಿಗರ್ ಸುತ್ತಲಿನ ಜಾಗವನ್ನು ಅದು ಪೂರ್ತಿ ಮುಚ್ಚಬೇಕು, ಹೊರಗಿಂದ ಒತ್ತಿದರೂ ಒಳಗೆ ಟ್ರಿಗರ್ ಅಲುಗಬಾರದು. ಅದೇ ಮಾಡೆಲ್ಲಿಗೆ ಅಚ್ಚು ಹಾಕಿದ ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ವಾಸಿ. ಮೆತ್ತಗಾದ ಹಳೇ ಚರ್ಮದ್ದಾದರೆ ಬಾಯಿ ಒಳಕ್ಕೆ ಮಡಚಿಕೊಳ್ಳುತ್ತೆ, ಪಿಸ್ತೂಲು ತುರುಕುವಾಗ ಆ ಮಡಿಕೆಯೇ ಬೆರಳಿನ ಕೆಲಸ ಮಾಡಿ ಟ್ರಿಗರ್ ಎಳೆದುಬಿಡುತ್ತೆ. ಇಂಥ ಟ್ರಿಗರ್ ಎಳೆಯುವುದಕ್ಕೆ ಸುಮಾರು ಎರಡೂವರೆ ಕಿಲೋ ಒತ್ತಡ ಸಾಕು. ಮಡಿಕೆಯೊಂದೇ ಅಲ್ಲ, ಜಾಕೆಟ್ಟಿನ ಲಾಡಿ, ಲಾಡಿ ತುದಿಯ ಪ್ಲಾಸ್ಟಿಕ್ ಗುಂಡಿ, ಶರ್ಟಿನ ತುದಿ ಯಾವುದಾದರೂ ಆದೀತು.

ಹಾಗಾಗಿ ವಾಪಸ್ ಇಡುವುದನ್ನು ನಿಧಾನ ಮಾಡಿ. ಬೆರಳು ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ) ಪಕ್ಕಕ್ಕೆ ಚಾಚಿರಲಿ. ಇನ್ನೊಂದು ಕೈಯಲ್ಲಿ ಬಟ್ಟೆ ಪೂರ್ತಿ ಮೇಲೆತ್ತಿ. ಹೋಲ್‌ಸ್ಟರ್ ಬಾಯೊಳಗೆ ಕಣ್ಣಿಟ್ಟು ನೋಡಿ. ಆ ಮೇಲೆ ಇಳಿಸಿ. ಎಲ್ಲಾದರೂ ತಡೆ ಅನಿಸಿದರೆ ಒತ್ತಬೇಡಿ, ಹೊರಗೆ ತೆಗೆದು ಮತ್ತೆ ನೋಡಿ. ಎಳೆಯುವಾಗ ಅವಸರ ಇರಬಹುದು, ಇಡುವಾಗ ಯಾವ ಕಳ್ಳನೂ ಸ್ಟಾಪ್‌ವಾಚ್ ಹಿಡಿದು ನಿಂತಿರಲ್ಲ. ಇನ್ನೂ ವಾಸಿ ಉಪಾಯ, ಹೋಲ್‌ಸ್ಟರ್ ಸಮೇತ ಕಟ್ಟಿ, ಹೋಲ್‌ಸ್ಟರ್ ಸಮೇತ ಬಿಚ್ಚಿ.

ಟಾಯ್ಲೆಟ್ಟಿನಲ್ಲಿ ಗನ್ ತೆಗೆದು ಫ್ಲಶ್ ಟ್ಯಾಂಕಿನ ಮೇಲೆ ಇಡಬೇಡಿ, ಕೊಕ್ಕೆಗೆ ನೇತುಹಾಕಬೇಡಿ. ಹೋಲ್‌ಸ್ಟರಿನಲ್ಲೇ ಇರಲಿ, ಬೆಲ್ಟ್ ಮತ್ತೆ ಬಕಲ್ ಹಾಕಿ ಮಂಡಿ ಮಟ್ಟದಲ್ಲಿ ಪ್ಯಾಂಟಿನೊಳಗೇ ನಿಲ್ಲಲಿ. ಮರೆತು ಎದ್ದು ಹೋಗುವುದಕ್ಕೆ ಸಾಧ್ಯವೇ ಇಲ್ಲ. ಬೆಲ್ಟ್ ಬಗ್ಗೆ ಒಂದೇ ಮಾತು: ಗಟ್ಟಿ ಇರಬೇಕು. ಮೆತ್ತಗಿದ್ದರೆ ಗನ್ ಹೊರಕ್ಕೆ ವಾಲುತ್ತೆ, ಕೈ ದಿನಕ್ಕೆ ಐವತ್ತು ಸಲ ಅಲ್ಲಿಗೇ ಹೋಗುತ್ತೆ, ನೋಡುವವರಿಗೆಲ್ಲ ಗೊತ್ತಾಗುತ್ತೆ.

ಮನೆಯಲ್ಲಿ ಡ್ರೈ ಫೈರ್, ಅಂದರೆ ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ, ಹತ್ತು ನಿಮಿಷ ಸಾಕು. ಮ್ಯಾಗಝೀನ್ (ಗುಂಡು ತುಂಬುವ ಡಬ್ಬಿ) ತೆಗೆಯಿರಿ, ಸ್ಲೈಡ್ ಎಳೆಯಿರಿ, ಚೇಂಬರನ್ನು (ಹಾರುವ ಮುಂಚೆ ಗುಂಡು ಕೂರುವ ಗೂಡು) ಕಣ್ಣಲ್ಲೂ ಬೆರಳಲ್ಲೂ ನೋಡಿ, ಗುಂಡುಗಳನ್ನೆಲ್ಲ ಬೇರೆ ರೂಮಿನಲ್ಲಿಟ್ಟು ಬನ್ನಿ. ಗುರಿಯ ಹಿಂದೆ ಗುಂಡು ನಿಲ್ಲಿಸುವಂಥದ್ದೇ ಇರಬೇಕು, ತೆಳು ಗೋಡೆ ಲೆಕ್ಕಕ್ಕಿಲ್ಲ. ಅಪಾಯ ಇರುವುದು ಕೊನೆಯಲ್ಲಿ: ಅಭ್ಯಾಸ ಮುಗಿಸಿ, ಗುಂಡು ತುಂಬಿ, "ಇನ್ನೊಂದು ಸಲ" ಅಂತ ಎಳೆದವರ ಗೋಡೆಗಳಲ್ಲಿ ತೂತು ಇರುತ್ತೆ. "ಮುಗೀತು" ಅಂತ ಬಾಯಿಬಿಟ್ಟು ಹೇಳಿ, ಗುರಿಯ ಕಾಗದ ತೆಗೆದುಹಾಕಿ, ಆಮೇಲೆ ತುಂಬಿ.

ದಾರಿಹೋಕ:

ಹಾಗಾದರೆ ಚೇಂಬರ್ ಖಾಲಿ ಇಟ್ಟುಕೊಂಡರೆ ಈ ತಲೆನೋವೇ ಇರಲ್ಲವಲ್ಲ?

ಕಬ್ಬಿಣದ ಕಡಲೆ:

ಖಾಲಿ ಇಟ್ಟರೆ ಸ್ಲೈಡ್ ಎಳೆಯೋಕೆ ಎರಡು ಕೈ ಬೇಕು. ಚಾಕು ಹಿಡಿದವನನ್ನು ಒಂದು ಕೈ ತಳ್ಳುತ್ತಿರುವಾಗ, ಇಲ್ಲ ಮಗುವನ್ನು ಎತ್ತಿಕೊಂಡಿರುವಾಗ ಎರಡನೇ ಕೈ ಎಲ್ಲಿಂದ ತರ್ತೀರಿ? ಆದರೆ ಹೋಲ್‌ಸ್ಟರ್ ಮೇಲೆ, ಬೆರಳಿನ ಮೇಲೆ ನಂಬಿಕೆ ಬರುವವರೆಗೆ ಖಾಲಿಯೇ ಇರಲಿ, ಅದರಲ್ಲಿ ನಾಚಿಕೆ ಏನಿಲ್ಲ. ತುಂಬಿಸಿ ಇಡುವವರಿಗೆ ಒಂದು ಚಿಕ್ಕ ವಿಷಯ: ದಿನಾ ರಾತ್ರಿ ತೆಗೆದು ಬೆಳಿಗ್ಗೆ ಅದೇ ಗುಂಡನ್ನು ಚೇಂಬರಿಗೆ ಏರಿಸುತ್ತಿದ್ದರೆ ಗುಂಡಿನ ತಲೆ ಕೇಸಿನೊಳಕ್ಕೆ ಸ್ವಲ್ಪಸ್ವಲ್ಪವೇ ಕೂರುತ್ತೆ. ಒಳಗಿನ ಜಾಗ ಕಮ್ಮಿಯಾದಂತೆ ಹಾರಿಸುವಾಗ ಒತ್ತಡ ಜಾಸ್ತಿ. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡ ಕಂಡರೆ ಅದನ್ನು ಹಾರಿಸಲೇಬೇಡಿ, ಪಕ್ಕಕ್ಕಿಡಿ.

ಮುಂಗಾರು:

ಹೊಡೆದ ಮೇಲಿನ ಐದು ನಿಮಿಷದ ಬಗ್ಗೆ ಯಾರೂ ಹೇಳಲಿಲ್ಲ. ಕಿವಿ ಮುಚ್ಚಿದಂತಾಗುತ್ತೆ, ಕಣ್ಣು ಒಂದೇ ಕಡೆ ನೆಟ್ಟಿರುತ್ತೆ, ಎಷ್ಟು ಗುಂಡು ಹೋಯ್ತು ಅನ್ನುವುದು ಸರಿಯಾಗಿ ನೆನಪಿರಲ್ಲ. ಅದು ಹೇಡಿತನ ಅಲ್ಲ, ಅಡ್ರಿನಲಿನ್. ಹಾಗಾಗಿ ಆಗಲೇ ಕುಳಿತು ಇಷ್ಟು ಅಡಿ, ಇಷ್ಟು ಸೆಕೆಂಡು, ಇಷ್ಟು ಗುಂಡು ಅಂತ ವಿವರ ಕೊಡಲು ಹೋಗಬೇಡಿ. ಆಮೇಲೆ ಕ್ಯಾಮೆರಾ ಬೇರೆ ಹೇಳಿದರೆ ನೀವು ಸುಳ್ಳುಗಾರರು.

ಅಪಾಯ ನಿಂತಿತು ಅಂದ್ರೆ ಗುಂಡೂ ನಿಲ್ಲಬೇಕು. ಸುತ್ತ ನೋಡಿ, ಮರೆಗೆ ಸರಿಯಿರಿ, ತುರ್ತು ನಂಬರಿಗೆ ಮೊದಲ ಫೋನ್ ನಿಮ್ಮದೇ ಆಗಿರಲಿ. ಜಾಗ, ಆಂಬುಲೆನ್ಸ್ ಬೇಕು, ಹಲ್ಲೆಯಾಯಿತು, ನಿಮ್ಮ ಬಟ್ಟೆ ಯಾವ ಬಣ್ಣ, ಇಷ್ಟು ಹೇಳಿ. ಪೊಲೀಸರು ಬರುವಷ್ಟರಲ್ಲಿ ಗನ್ ಹೋಲ್‌ಸ್ಟರಿಗೆ ಹೋಗಿ, ಎರಡೂ ಕೈ ಖಾಲಿಯಾಗಿ ಕಾಣುತ್ತಿರಬೇಕು. ಬರುವವರಿಗೆ ಗೊತ್ತಿರುವುದು "ಒಬ್ಬನ ಹತ್ತಿರ ಗನ್ ಇದೆ" ಅಂತ ಮಾತ್ರ, ಆ ಒಬ್ಬ ನೀವೇ. ಹಲ್ಲೆ ಮಾಡಿದವನು ಇವನು, ಸಾಕ್ಷಿ ಅವರು, ಚಾಕು ಅಲ್ಲಿ ಬಿದ್ದಿದೆ ಅಂತ ತೋರಿಸಿ. ಉಳಿದದ್ದು ವಕೀಲರ ಜೊತೆ ಕೂತ ಮೇಲೆ. ವಕೀಲರ ನಂಬರು ಇವತ್ತೇ ಫೋನಿನಲ್ಲಿರಲಿ.

ಗನ್ ಕಟ್ಟುವವರ ಹತ್ತಿರ ಟೂರ್ನಿಕೆ ಪಟ್ಟಿಯೂ (ಕೈಕಾಲಿಗೆ ಬಿಗಿದು ರಕ್ತ ನಿಲ್ಲಿಸುವುದು) ಇರಲೇಬೇಕು. ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತೆ, ಗಾಯ ನಿಮ್ಮದೂ ಆಗಿರಬಹುದು. ಗಾಯಕ್ಕಿಂತ 5ರಿಂದ 8 ಸೆಂಟಿಮೀಟರ್ ಮೇಲೆ, ಮಂಡಿ ಮೊಣಕೈ ಕೀಲು ಬಿಟ್ಟು ಕಟ್ಟಿ, ರಕ್ತ ನಿಲ್ಲುವವರೆಗೂ ಅದರ ಕಡ್ಡಿ ತಿರುವಿ, ಕಟ್ಟಿದ ಸಮಯ ಬರೆಯಿರಿ. ಸರಿಯಾಗಿ ಬಿಗಿದರೆ ನೋವು ಜೋರಾಗಿಯೇ ಇರುತ್ತೆ, ಅದಕ್ಕೆ ಹೆದರಿ ಸಡಿಲ ಮಾಡಬೇಡಿ.

ಗುರಿಕಾರ:

ಮುಂಗಾರು ಹೇಳಿದ್ದಕ್ಕೆ ಎರಡು ಸೇರ್ಪಡೆ. ಕುಡಿಯುವ ದಿನ ಗನ್ ಲಾಕರಿನಲ್ಲಿ, ಒಂದು ಗ್ಲಾಸ್ ಆದರೂ ಸರಿ. ಗಾಡಿಯ ಡ್ಯಾಶ್‌ಬೋರ್ಡ್ ಲಾಕರ್ ಅಲ್ಲ, ಕಳ್ಳನಿಗೆ ಗನ್ ಕೊಡುವ ಸುಲಭ ದಾರಿ ಅದು.

ಇನ್ನೊಂದನ್ನು ಹೇಳುವುದಕ್ಕೆ ಜನ ಮುಜುಗರ ಪಡ್ತಾರೆ. ಮನೆಯಲ್ಲಿರುವ ಗನ್ ಹೊರಗಿನವನಿಗಿಂತ ಮನೆಯವರ ಕೈಗೇ ಹತ್ತಿರ. ವಿಚ್ಛೇದನ, ಕೆಲಸ ಹೋಗಿದ್ದು, ನಿದ್ದೆ ಇಲ್ಲದ ವಾರಗಳು, ಇಂಥ ಹೊತ್ತಲ್ಲಿ ಅದು ಮನೆಯಲ್ಲಿರಬಾರದು. ಆತ್ಮಹತ್ಯೆಯ ಬಹಳಷ್ಟು ಪ್ರಯತ್ನಗಳಲ್ಲಿ ಜನ ಬದುಕಿಕೊಳ್ತಾರೆ, ಗನ್ನಿನಲ್ಲಿ ಬದುಕುವವರು ತೀರಾ ಕಮ್ಮಿ. ಚೆನ್ನಾಗಿರುವಾಗಲೇ ಒಬ್ಬರ ಹತ್ತಿರ ಮಾತಾಡಿ ಇಟ್ಟುಕೊಳ್ಳಿ: "ನೀನು ಬಂದು ಕೇಳಿದರೆ ಎದುರು ಮಾತಾಡದೆ ಲಾಕರ್ ಕೀಲಿ ಕೊಡ್ತೀನಿ." ಗನ್ನನ್ನೇ ಅವರ ಹತ್ತಿರ ಇಡುವುದಾದರೆ ನಿಮ್ಮ ಕಡೆಯ ಕಾನೂನು ಅದಕ್ಕೆ ಒಪ್ಪುತ್ತಾ, ಇಲ್ಲಾ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಇಡಬೇಕಾ ಅಂತ ಈಗಲೇ ವಿಚಾರಿಸಿಕೊಳ್ಳಿ. ಆ ಹೊತ್ತಲ್ಲಿ ವಿಚಾರಿಸೋಕೆ ಮನಸ್ಸಿರಲ್ಲ.