ಮಗಳ ಶಾಲೆ ಮುಚ್ಚುತ್ತಾರಂತೆ, ಯಾರನ್ನು ಕೇಳಬೇಕು?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾವು ಅಮೆರಿಕದ ವರ್ಜೀನಿಯಾ ರಾಜ್ಯದ ಹಳ್ಳಿಗಾಡಿನ ಕೌಂಟಿಯೊಂದರಲ್ಲಿದ್ದೇವೆ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದ್ದು). ನನ್ನ ಯಜಮಾನರು ಇಲ್ಲಿ ವೈದ್ಯರು. ಜೆ-1 ತರಬೇತಿ ವೀಸಾ ಮುಗಿದ ಮೇಲೆ ಸ್ವದೇಶಕ್ಕೆ ಮರಳಬೇಕೆಂಬ ನಿಯಮದಿಂದ ಸಿಕ್ಕ ವಿನಾಯಿತಿಯ ಷರತ್ತಿನಂತೆ ಮೂರು ವರ್ಷ ಇಲ್ಲೇ ಕೆಲಸ ಮಾಡಬೇಕು. ಮಕ್ಕಳು ಕಡಿಮೆಯಾಗಿದ್ದಾರೆಂದು ಮಗಳ ಶಾಲೆಯನ್ನು ಮುಚ್ಚಿ, ದೂರದ ಇನ್ನೊಂದು ಶಾಲೆಯೊಂದಿಗೆ ವಿಲೀನ ಮಾಡುವ ಪ್ರಸ್ತಾಪವಿದೆ. ಕೌಂಟಿಯವರು ಶಾಲಾ ಮಂಡಳಿಯತ್ತ ಕೈ ತೋರಿಸುತ್ತಾರೆ. ಮಂಡಳಿಯವರು ಕೌಂಟಿ ದುಡ್ಡು ಕೊಡುತ್ತಿಲ್ಲ ಎನ್ನುತ್ತಾರೆ. ನಮಗೆ ಮತವೂ ಇಲ್ಲ. ಮಾತನಾಡುವ ಹಕ್ಕಾದರೂ ಇದೆಯೇ?

ವಕೀಲರ ಉತ್ತರ: ಖಂಡಿತ ಇದೆ ಮೇಡಂ. ಅಹವಾಲು ಸಭೆಯಲ್ಲಿ ಮಾತನಾಡಲು ಮತದಾರರಾಗಿರಬೇಕಿಲ್ಲ.

ಕೌಂಟಿಯವರೂ ಮಂಡಳಿಯವರೂ ಹೇಳಿದ್ದು ಅರ್ಧರ್ಧ ನಿಜ. ವರ್ಜೀನಿಯಾದಲ್ಲಿ ಶಾಲಾ ಮಂಡಳಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಸ್ಥಳೀಯ ಹಣ ಮಂಜೂರು ಮಾಡುವುದು ಕೌಂಟಿಯ ಬೋರ್ಡ್ ಆಫ್ ಸೂಪರ್‌ವೈಸರ್ಸ್, ಅಂದರೆ ಕೌಂಟಿಯ ಚುನಾಯಿತ ಆಡಳಿತ ಮಂಡಳಿ. ಆದರೆ ಅವರು ಒಟ್ಟು ಮೊತ್ತವನ್ನೋ, ಬೋಧನೆ, ಸಾರಿಗೆಯಂಥ ದೊಡ್ಡ ಬಾಬ್ತುಗಳ ಮೊತ್ತವನ್ನೋ ನಿಗದಿ ಮಾಡಬಹುದು, ಅಷ್ಟೇ. ಯಾವ ಶಾಲೆ ಉಳಿಯಬೇಕೆಂಬುದು ಶಾಲಾ ಮಂಡಳಿಯ ತೀರ್ಮಾನ. ರಾಜ್ಯದ ಅನುದಾನವೂ ದಾಖಲಾದ ಮಕ್ಕಳ ಸರಾಸರಿ ಸಂಖ್ಯೆಯನ್ನು ಹಿಡಿದೇ ಬರುತ್ತದೆ. ಹತ್ತು ಮಕ್ಕಳು ಕಡಿಮೆಯಾದರೆ ಅನುದಾನ ಇಳಿಯುತ್ತದೆ, ಬಸ್ಸಿನ ಡೀಸೆಲ್ ಖರ್ಚು ಇಳಿಯುವುದಿಲ್ಲ. ಹಳ್ಳಿ ಶಾಲೆಗಳ ಕುತ್ತಿಗೆಗೆ ಬರುವುದು ಇದೇ.

ಶಾಲೆಗಳನ್ನು ವಿಲೀನಗೊಳಿಸುವ ಮೊದಲು ಮಂಡಳಿ ಪ್ರಕಟಣೆ ಕೊಟ್ಟು, ಕನಿಷ್ಠ 10 ದಿನ ಬಿಟ್ಟು, ಸಾರ್ವಜನಿಕ ಅಹವಾಲು ಸಭೆ ನಡೆಸಲೇಬೇಕು. ರಾಜ್ಯ ಸಂಹಿತೆಯ 22.1-79ನೇ ಸೆಕ್ಷನ್ ನೋಡಿ. ಊರಿನ ವಾರಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದಿ. ಇಂಥ ಪ್ರಕಟಣೆ ಹಳೆಯ ಟ್ರ್ಯಾಕ್ಟರ್ ಮಾರಾಟದ ಜಾಹೀರಾತಿನ ಪಕ್ಕ ಸಣ್ಣಕ್ಷರದಲ್ಲಿ ಬಿದ್ದಿರುತ್ತದೆ.

ಸಭೆಯಲ್ಲಿ ಸಾಮಾನ್ಯವಾಗಿ ಮೂರು ನಿಮಿಷ ಸಿಗುತ್ತದೆ. ಅದನ್ನು ಬೇಸರ ತೋಡಿಕೊಳ್ಳುವುದಕ್ಕೆ ಕಳೆಯಬೇಡಿ. ಹೊಸ ಮಾರ್ಗದಲ್ಲಿ ಆರು ವರ್ಷದ ಮಗು ಎಷ್ಟು ಗಂಟೆಗೆ ಬಸ್ ಹತ್ತಬೇಕು, ಜನವರಿಯಲ್ಲಿ ಆಗ ಬೆಳಕಿರುತ್ತದೆಯೇ, ಉಳಿತಾಯದ ಲೆಕ್ಕದಲ್ಲಿ ಹೆಚ್ಚುವರಿ ಸಾರಿಗೆ ವೆಚ್ಚ ಸೇರಿದೆಯೇ ಎಂದು ಕೇಳಿ. ಯಜಮಾನರೂ ಮಾತನಾಡಲಿ. ವೈದ್ಯರನ್ನು ಕರೆತರಲು ಹೆಣಗುವ ಕೌಂಟಿಗೆ, ಹತ್ತಿರದಲ್ಲಿ ಶಾಲೆಯಿಲ್ಲದಿದ್ದರೆ ವೈದ್ಯರ ಕುಟುಂಬ ನಿಲ್ಲುವುದು ಕಷ್ಟ ಎಂಬ ಮಾತು ನೇರವಾಗಿ ತಟ್ಟುತ್ತದೆ. ಹೇಳಿದ್ದನ್ನೆಲ್ಲ ಬರೆದು ಮಂಡಳಿಯ ಕ್ಲರ್ಕ್‌ಗೂ ಕೊಡಿ, ಕಡತಕ್ಕೆ ಸೇರಿಸಲು ಹೇಳಿ.

ಇನ್ನೊಬ್ಬರ ಪ್ರಶ್ನೆ: ಸರ್, ಸಭೆಯ ಶಾಸ್ತ್ರ ಮುಗಿಸಿ ಮುಚ್ಚಿಯೇಬಿಟ್ಟರೆ?

ವಕೀಲರ ಉತ್ತರ: 22.1-87ನೇ ಸೆಕ್ಷನ್ ಪ್ರಕಾರ ವಿದ್ಯಾರ್ಥಿಯ ತಂದೆತಾಯಿ 30 ದಿನದೊಳಗೆ ಸರ್ಕ್ಯೂಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಆದರೆ ಮಂಡಳಿ ಅಧಿಕಾರ ಮೀರಿದೆ, ಮನಬಂದಂತೆ ನಡೆದಿದೆ ಅಥವಾ ವಿವೇಚನೆಯನ್ನು ದುರುಪಯೋಗ ಮಾಡಿದೆ ಎಂದು ತೋರಿಸದ ಹೊರತು ಕೋರ್ಟು ತೀರ್ಮಾನವನ್ನು ಎತ್ತಿಹಿಡಿಯುತ್ತದೆ. ‘ಈ ತೀರ್ಮಾನ ತಪ್ಪು’ ಎಂದಷ್ಟೇ ವಾದಿಸಿದರೆ ಸಾಲದು. ನ್ಯಾಯಾಧೀಶರ ಮುಂದೆ ಮೊದಲು ಬರುವುದು ಸಭೆಯ ನಡಾವಳಿ. ಬರೆದು ಕೊಡಿ ಎಂದು ನಾನು ಒತ್ತಿ ಹೇಳಿದ್ದು ಅದಕ್ಕೇ.

ಕೋರ್ಟಿನ ಮಾತು ಆಮೇಲಿರಲಿ. ಹೊಸ ಆರ್ಥಿಕ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ಕೌಂಟಿ ಶಾಲೆಗಳ ಬಜೆಟ್ಟನ್ನು ಸಾಮಾನ್ಯವಾಗಿ ಮೇ ತಿಂಗಳಲ್ಲೇ ಒಪ್ಪಿಬಿಡುತ್ತದೆ. ಹಣದ ವಿಷಯಕ್ಕೆ ಸೂಪರ್‌ವೈಸರ್‌ಗಳ ಬಜೆಟ್ ಸಭೆಗೆ ಅದಕ್ಕೂ ಮೊದಲೇ ಹೋಗಿ, ಅಕ್ಕಪಕ್ಕದ ತಂದೆತಾಯಂದಿರನ್ನೂ ಕರೆದುಕೊಂಡು.